ತಡೆಯುವವನಿಗೆ ಒಂದು ಸೀಟು

ಒಂಬತ್ತು. ಎಂಟೂ ಅಲ್ಲ, ಹತ್ತೂ ಅಲ್ಲ. ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಬಾಸ್ಕೆಟ್‌ಬಾಲ್ ಆಟಗಾರರನ್ನು ಸಾಲಾಗಿ ನಿಲ್ಲಿಸಿದರೆ ಆ ಅಮೆರಿಕದ ಫಾರ್ವರ್ಡ್ ಆಟಗಾರ ನಿಲ್ಲಬೇಕಾದ ಜಾಗ ಒಂಬತ್ತನೆಯದು ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಅದೇ ಜಗಳ ಶುರುವಾಗುತ್ತದೆ, ಓದುವವರು ಅವನ ಪಾಯಿಂಟುಗಳನ್ನು ಎಣಿಸಲು ಕೂರುತ್ತಾರೆ. ಆ ಎಣಿಕೆಯಿಂದಲೇ ನನಗೆ ತಲೆ ಕೆಟ್ಟಿದ್ದು.

ಅವನು ಹೆಚ್ಚು ಬಾಸ್ಕೆಟ್ ಹಾಕುತ್ತಿರಲಿಲ್ಲ, ಒಪ್ಪಿದೆ. ಅವನ ಕೆಲಸವೇ ಬೇರೆ. ಎದುರು ತಂಡದಲ್ಲಿ ಯಾರ ಕೈಗೆ ಚೆಂಡು ಸಿಕ್ಕರೆ ಆಟ ಕೈತಪ್ಪುತ್ತದೋ, ಆ ಮನುಷ್ಯನನ್ನು ಅವನಿಗೆ ವಹಿಸಿಬಿಡುತ್ತಿದ್ದರು. ಆಮೇಲೆ ಆ ಸ್ಟಾರ್‌ಗೆ ಚೆಂಡು ಬರಬೇಕಾದ ಹೊತ್ತಿಗೆ ಬರುತ್ತಿರಲಿಲ್ಲ. ಬಂದರೂ ಅವನಿಗೆ ಇಷ್ಟವಾದ ಜಾಗದಲ್ಲಿ ಅಲ್ಲ, ಸ್ವಲ್ಪ ಆಚೆ, ಬಾಸ್ಕೆಟ್ಟಿಗೆ ಬೆನ್ನು ಹಾಕಿ ನಿಂತಾಗ ಬರುತ್ತಿತ್ತು. ಆಟ ಮುಗಿದ ಮೇಲೆ ಟಿವಿಯಲ್ಲಿ ವಿವರಣೆ ಕೊಡುವವನು ಏನು ಹೇಳುತ್ತಿದ್ದ ಗೊತ್ತೇ? ಇವತ್ತು ಯಾಕೋ ಸ್ಟಾರ್ ಆಟಗಾರ ಲಯದಲ್ಲಿರಲಿಲ್ಲ ಎಂದು. ಯಾಕೋ! ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ ನಾನು ಟಿವಿಗೇ ಬೈಯುತ್ತಿದ್ದೆ. ಒಮ್ಮೆ ಹಾಗೆ ಬೈಯುತ್ತಾ ಗಂಡನ ಆಫೀಸಿನ ಶರ್ಟಿನ ಕಾಲರು ಸುಟ್ಟಿದ್ದೇನೆ.

ಇಸ್ತ್ರಿಪೆಟ್ಟಿಗೆ ಎಂದ ಕೂಡಲೇ ಇದು ಹೆಂಗಸರ ಕಣ್ಣಿಗೆ ಬೀಳದ ದುಡಿಮೆಯ ಕತೆ ಎಂದುಕೊಳ್ಳಬೇಡಿ. ನಾನು ಬಾಸ್ಕೆಟ್‌ಬಾಲ್ ಬಗ್ಗೆಯೇ ಮಾತಾಡುತ್ತಿದ್ದೇನೆ. ಮಂಗಳೂರಿನ ಕಾಲೇಜು ತಂಡದಲ್ಲಿ ನಾನು ಆಡಿದ್ದೇನೆ, ನನ್ನ ಗಂಡನೂ ಆಡಿದ್ದಾನೆ. ನಾವಿಬ್ಬರೂ ಪರಿಚಯವಾಗಿದ್ದೇ ಸಿಮೆಂಟಿನ ಕೋರ್ಟಿನ ಪಕ್ಕದಲ್ಲಿ, ಹರಿದ ಶೂ ಹೊಲಿಸುವ ವಿಷಯದಲ್ಲಿ. ಮದುವೆಯಾಗಿ ದೋಹಾಕ್ಕೆ ಬಂದು ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟೊಂದರಲ್ಲಿ ಮನೆ ಮಾಡಿದೆವು. ಅವನು ಒಂದು ಕಟ್ಟಡ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ, ನಾನು ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ. ಮನೆಯಲ್ಲಿ ಕೊಂಕಣಿ, ಒಬ್ಬರಿಗೊಬ್ಬರು ನೀನು ಎಂದೇ ಮಾತು. ಸಂಘದ ಮೀಟಿಂಗಿಗೆ ಹೋದರೆ ಮಾತ್ರ ಕನ್ನಡ, ಅಲ್ಲಿ ಗಂಡನನ್ನೂ ನೀವು ಎನ್ನಬೇಕು. ಆ ನೀವು ನನ್ನ ಬಾಯಲ್ಲಿ ಬಂತೆಂದರೆ ನಾನು ಸಿಟ್ಟಾಗಿದ್ದೇನೆ ಎಂದು ಅವನಿಗೆ ಅರ್ಥವಾಗುತ್ತಿತ್ತು.

ಸಂಘವೆಂದರೆ ನಮ್ಮ ಕರಾವಳಿಯವರ ಸಂಘ. ತುಳುವಿನವರು, ಕೊಂಕಣಿಯವರು, ಬ್ಯಾರಿಗಳು, ಕುಂದಾಪುರದವರು, ಎಲ್ಲರೂ ಇದ್ದೆವು. ಪ್ರತಿ ಚಳಿಗಾಲದಲ್ಲಿ ಒಂದು ಇಂಡಿಯನ್ ಸ್ಕೂಲಿನ ಕೋರ್ಟಿನಲ್ಲಿ ಬಾಸ್ಕೆಟ್‌ಬಾಲ್ ಟೂರ್ನಮೆಂಟು ನಡೆಸುತ್ತಿದ್ದೆವು. ನಮ್ಮದೂ ಒಂದು ತಂಡ ಇರುತ್ತಿತ್ತು, ಬೇರೆ ಸಂಘಗಳದ್ದು, ಕಂಪನಿಗಳದ್ದು, ಫಿಲಿಪ್ಪೀನ್ಸ್ ಹುಡುಗರದ್ದು ಇರುತ್ತಿತ್ತು. ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ಮುಗಿದ ಚಳಿಗಾಲ ಅದು. ಊರಿಗೆ ಊರೇ ಕ್ರೀಡೆಯ ಗುಂಗಿನಲ್ಲಿತ್ತು. ಟೂರ್ನಮೆಂಟಿಗೆ ಹತ್ತನೆಯ ವರ್ಷವೂ ಆಗಿತ್ತು. ಏನಾದರೂ ವಿಶೇಷ ಮಾಡಬೇಕಲ್ಲ ಎಂದು ಅಧ್ಯಕ್ಷರು ಯೋಚಿಸಿ, ವೇದಿಕೆಯ ಹಿಂದೆ ದೊಡ್ಡದೊಂದು ಫ್ಲೆಕ್ಸ್ ಕಟ್ಟುವುದು, ಅದರಲ್ಲಿ ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಹನ್ನೆರಡು ಆಟಗಾರರ ಫೋಟೋ ಹಾಕುವುದು ಎಂದು ತೀರ್ಮಾನಿಸಿದರು. ತಂಡವೊಂದಕ್ಕೆ ಹನ್ನೆರಡು ಜನ, ಹಾಗಾಗಿ ಹನ್ನೆರಡು.

ನನಗೆ ಇದು ಬರೀ ಫ್ಲೆಕ್ಸಿನ ವಿಷಯವಾಗಿರಲಿಲ್ಲ. ನನ್ನ ಗಂಡ ನಮ್ಮ ಸಂಘದ ತಂಡದ ಫಾರ್ವರ್ಡ್. ಆಡಿದ್ದೂ ಆ ಅಮೆರಿಕದವನ ಹಾಗೆಯೇ. ಅಷ್ಟು ಚೆನ್ನಾಗಿ ಎಂದು ಹೇಳುತ್ತಿಲ್ಲ, ಆ ಬಗೆಯಲ್ಲಿ. ಎದುರಿನ ಬಲವಾದ ಆಟಗಾರನ ಸೊಂಟಕ್ಕೆ ಮೊಣಕೈಯ ಕೆಳಭಾಗ ತಾಗಿಸಿ ನಿಂತು, ಅವನ ಎಡಗೈ ಬಲಗೈ ಯಾವುದು ಜೋರು ಎಂದು ಮೊದಲ ಐದು ನಿಮಿಷದಲ್ಲಿ ತಿಳಿದುಕೊಂಡು, ಆಮೇಲೆ ಅವನಿಗೆ ಆ ಕಡೆಯ ದಾರಿಯನ್ನೇ ಕೊಡುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಹೀಗೇ. ಒಂಬತ್ತು ಟೂರ್ನಮೆಂಟುಗಳಲ್ಲಿ ಒಮ್ಮೆಯೂ ಅವನನ್ನು ವೇದಿಕೆಗೆ ಒಂಟಿಯಾಗಿ ಕರೆದಿರಲಿಲ್ಲ. ಈಗ ಬಲಮಂಡಿ ಕೈಕೊಟ್ಟಿತ್ತು, ಇದೇ ಕೊನೆಯ ಆಟ ಎಂದು ಡಾಕ್ಟರು ಹೇಳಿದ್ದರು. ಆ ಕೊನೆಯ ದಿನ ಅವನು ಆಡುವಾಗ, ಅವನಂತೆ ಆಡುವ ಒಬ್ಬನಾದರೂ ಅಲ್ಲಿ ಮೇಲೆ ಶ್ರೇಷ್ಠರ ಸಾಲಿನಲ್ಲಿರಬೇಕು. ಇಷ್ಟೇ ನನಗೆ ಬೇಕಾಗಿದ್ದು. ಬಹಳ ದೊಡ್ಡ ಆಸೆಯೇನಲ್ಲ.

ಮೀಟಿಂಗು ನಜ್ಮಾ ಬಡಾವಣೆಯ ಒಂದು ಕೆಫೆಟೇರಿಯಾದ ಮಹಡಿಯಲ್ಲಿ, ಶುಕ್ರವಾರ ಸಂಜೆ. ಕರಕ್ ಚಹಾ, ಪರೋಟ, ಪಕ್ಕದ ದರ್ಜಿ ಅಂಗಡಿಯ ಮೆಷಿನ್ನಿನ ಸದ್ದು. ನಾವು ಎಂಟು ಜನ. ಕುಂದಾಪುರ ಕಡೆಯ ಅಧ್ಯಕ್ಷರು, ಉಡುಪಿಯ ಕಾರ್ಯದರ್ಶಿ, ಮಂಗಳೂರಿನ ಖಜಾಂಚಿ, ನಮ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಹೊಡೆಯುವ ತರುಣ ಇಂಜಿನಿಯರ್, ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಉಳ್ಳಾಲದ ಬ್ಯಾರಿ ಅಣ್ಣತಮ್ಮಂದಿರು, ನಾನು, ನನ್ನ ಗಂಡ. ನಾನು ಮಹಿಳಾ ವಿಭಾಗದ ಪರವಾಗಿ. ಮಹಿಳಾ ವಿಭಾಗಕ್ಕೆ ಸಾಮಾನ್ಯವಾಗಿ ರಂಗೋಲಿ ಮತ್ತು ಲೆಮನ್ ಸ್ಪೂನ್ ಓಟ ಬಿಟ್ಟುಕೊಡುತ್ತಿದ್ದರು. ಆದರೆ ಟೂರ್ನಮೆಂಟಿನ ಸ್ಕೋರು ಬರೆಯಲು ನಿಯಮ ಗೊತ್ತಿದ್ದವರು ಬೇರೆ ಯಾರೂ ಇಲ್ಲದ್ದರಿಂದ ನನ್ನನ್ನು ಬಿಡುವ ಹಾಗಿರಲಿಲ್ಲ.

ಶ್ರೇಷ್ಠರನ್ನು ಆರಿಸುವುದು ಹೇಗೆ? ಆಡಿದ ಆಟ ನೋಡಿ ಎಂದು ನೀವು ಹೇಳುತ್ತೀರಿ. ನಮ್ಮ ಅಧ್ಯಕ್ಷರಿಗೆ ಬೇರೆಯೇ ಅಭ್ಯಾಸ. ಸಂಘದ ಕಾರ್ಯಕಾರಿ ಸಮಿತಿಯನ್ನು ಅವರು ಎಷ್ಟೋ ವರ್ಷ ಜಗಳವಿಲ್ಲದೆ ತುಂಬಿಸಿಕೊಂಡು ಬಂದಿದ್ದರು. ಪುತ್ತೂರಿಗೊಂದು, ಬೆಳ್ತಂಗಡಿಗೊಂದು, ಕಾರ್ಕಳಕ್ಕೊಂದು, ಬ್ಯಾರಿಗಳಿಗೆ ಎರಡು, ಹೆಂಗಸರಿಗೊಂದು, ಘಟ್ಟದ ಮೇಲಿನವರು ಬೇಜಾರು ಮಾಡಿಕೊಳ್ಳಬಾರದೆಂದು ಅವರಿಗೂ ಒಂದು. ಜಗತ್ತಿನ ಬಾಸ್ಕೆಟ್‌ಬಾಲ್ ಇತಿಹಾಸವನ್ನೂ ಅವರು ಹಾಗೇ ಹಿಡಿದುಕೊಂಡರು.

“ಕಾಣಿ, ಯಾರಿಗೂ ಬೇಜಾರ್ ಆಪುಕಾಗ,” ಎಂದು, ಯಾರಿಗೂ ಬೇಸರವಾಗಬಾರದೆಂದು, ತಮ್ಮ ಕುಂದಾಪುರದ ಕನ್ನಡದಲ್ಲಿ ಶುರು ಮಾಡಿದರು. “ಹಳೆ ಕಾಲದವ್ರಿಗೆ ಎರಡ್ ಸೀಟ್ ಕೊಡ್ವ. ಯುರೋಪಿಗೆ ಒಂದ್. ನಾವ್ ಏಷ್ಯಾದಗೆ ಕೂತ್ಕಂಡ್ ಏಷ್ಯಾಕ್ಕೆ ಕೊಡ್ದಿರೆ ಹ್ಯಾಂಗೆ? ಒಂದ್. ಗಿಡ್ಡ ಆಳ್‌ಗಳಿಗೆ ಒಂದ್ ಬೇಕಲ್ದಾ?”

ಕಾರ್ಯದರ್ಶಿ ಎಡಗೈ ಆಟಗಾರರಿಗೆ ಒಂದು ಎಂದರು. ಯಾರೂ ನಗಲಿಲ್ಲ. ನಾನು ಗಂಡನ ಮುಖ ನೋಡಿದೆ. ಅವನು ಚಹಾದ ಕೆನೆ ತೆಗೆಯುವುದರಲ್ಲಿ ಮುಳುಗಿದ್ದ.

“ಹಾಗಾದ್ರೆ ಡಿಫೆನ್ಸಿಗೆ ಒಂದು ಸೀಟ್ ಕೊಡಿ,” ಎಂದೆ ನಾನು. ನಾನೂ ಅವರ ದಾರಿಗೇ ಇಳಿದೆ, ಏನು ಮಾಡುವುದು.

“ಸಮ ಇತ್ತ್. ಡಿಫೆನ್ಸಿಗೆ ಒಂದ್,” ಎಂದು ಅಧ್ಯಕ್ಷರು ಕೂಡಲೇ ಒಪ್ಪಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡನೆಯ ಪರೋಟಕ್ಕೆ ಕೈ ಹಾಕಿದೆ. ಅದನ್ನು ಮುರಿಯುವಷ್ಟರಲ್ಲಿ ಖಜಾಂಚಿಯವರು ಆ ಸೀಟನ್ನು ತುಂಬಿಸಿಬಿಟ್ಟರು. ಎತ್ತರದ ಒಬ್ಬ ಸೆಂಟರ್ ಆಟಗಾರ ಇದ್ದನಲ್ಲ, ಎದುರಿನವರ ಚೆಂಡನ್ನು ಗಾಳಿಯಲ್ಲೇ ಬಡಿದು ಪ್ರೇಕ್ಷಕರ ಮಧ್ಯಕ್ಕೆ ಹಾಕುತ್ತಿದ್ದವನು, ಅವನೇ ಡಿಫೆನ್ಸು ಎಂದರು. ಎಲ್ಲರೂ ಹೌದೌದು ಎಂದರು. ಚೆಂಡು ಬಡಿದರೆ ಸದ್ದು ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಅದು ಡಿಫೆನ್ಸು. ಆ ಚೆಂಡು ಅಲ್ಲಿಗೆ ಬಾರದ ಹಾಗೆ ಮಾಡಿದರೆ ಬಡಿಯುವ ಪ್ರಸಂಗವೇ ಬರುವುದಿಲ್ಲ, ಸದ್ದೂ ಇಲ್ಲ, ಆದ್ದರಿಂದ ಅದು ಏನೂ ಅಲ್ಲ. ನಾನು ಇದನ್ನು ವಿವರಿಸಲು ಹೋದೆ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಎರಡು ಗ್ಲಾಸು ಇಟ್ಟು, ಚೆಂಡು ಇಲ್ಲಿಂದ ಹೊರಟಿತು, ಆ ಸ್ಟಾರ್ ಇಲ್ಲಿದ್ದಾನೆ, ನಮ್ಮವನು ನಡುವೆ ಹೀಗೆ ಕೈ ಚಾಚಿ ನಿಂತಿದ್ದಾನೆ ಎಂದು ತೋರಿಸಿದೆ.

“ಎಂತ ಮೇಡಂ ನೀವು,” ಎಂದರು ಖಜಾಂಚಿ. “ಅವ ಬಾಸ್ಕೆಟೇ ಹಾಕುದಿಲ್ಲ ಅಲ್ಲ? ಬಾಸ್ಕೆಟ್ ಹಾಕದವ ಇಡೀ ವರ್ಲ್ಡಿಗೆ ಗ್ರೇಟ್ ಹೇಗೆ ಆಗುದು?”

“ಫೋಟೋ ಸಹ ಚಂದ ಬರುದಿಲ್ಲ ಅವಂದು,” ಎಂದರು ಕಾರ್ಯದರ್ಶಿ.

ಇದು ಸುಳ್ಳಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ನಾನೇ ಹುಡುಕಿದ್ದೆ. ಆ ಫಾರ್ವರ್ಡ್‌ನ ಒಳ್ಳೆಯ ಫೋಟೋ ಒಂದೂ ಇರಲಿಲ್ಲ. ಎಲ್ಲದರಲ್ಲೂ ಬೇರೊಬ್ಬ ಸ್ಟಾರ್ ಗಾಳಿಯಲ್ಲಿದ್ದಾನೆ, ಇವನದು ಅಂಚಿನಲ್ಲಿ ಅರ್ಧ ಮುಖ, ಇಲ್ಲವೇ ಬೆನ್ನು, ಇಲ್ಲವೇ ಒಂದು ತೋಳು. ಬೇರೆಯವರ ಫೋಟೋಗಳಲ್ಲೇ ಬದುಕಿದ ಮನುಷ್ಯ.

ಹೀಗೆ ಹನ್ನೊಂದು ಸೀಟು ತುಂಬಿದವು. ಉಳಿದದ್ದು ಒಂದು. ಆ ಸಂಜೆಯೆಲ್ಲ ಖಜಾಂಚಿಯವರ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಿದ್ದಿದ್ದರು. ಸೆಂಟರ್ ಒಬ್ಬನನ್ನು ಬಿಟ್ಟರೆ ಅವರು ಹೇಳಿದ ಯಾರೂ ಸೇರಿರಲಿಲ್ಲ. ಕೊನೆಗೆ ಅವರು ತಮ್ಮ ಅತಿ ಪ್ರೀತಿಯ ಒಬ್ಬ ಸ್ಕೋರರ್‌ನ ಹೆಸರು ತೆಗೆದರು. ಬಹಳ ಪಾಯಿಂಟು ಹಾಕುವವನು, ಡಿಫೆನ್ಸಿನ ಹೊತ್ತಿಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವವನು. ನಾನು ನನ್ನ ಫಾರ್ವರ್ಡ್‌ನ ಹೆಸರು ಹೇಳಿದೆ. ನಿಜ ಹೇಳುತ್ತೇನೆ, ನಾನು ಕುರುಡು ಅಭಿಮಾನಿಯಲ್ಲ. ಹಾಕುವುದು, ತಡೆಯುವುದು, ಎರಡೂ ಕಡೆ ಆಡಬಲ್ಲ ಎಂಟು ಜನ ಅವನಿಗಿಂತ ಮೇಲಿದ್ದಾರೆ ಎಂದು ಅಲ್ಲಿಯೂ ಹೇಳಿದೆ. ಆದರೆ ಒಂದೇ ಕಡೆ ಆಡುವವರಲ್ಲಿ, ಹಾಕುವವನು ಮೇಲು, ತಡೆಯುವವನು ಕೆಳಗೆ ಎಂದು ಯಾರು ಬರೆದಿಟ್ಟಿದ್ದಾರೆ? ಒಂದು ಹಾಕಿದರೆ ಎರಡು ಪಾಯಿಂಟು. ಒಂದು ತಡೆದರೂ ಎರಡೇ ಪಾಯಿಂಟು. ಇಷ್ಟು ಲೆಕ್ಕ ಒಬ್ಬ ಖಜಾಂಚಿಗೆ ಅರ್ಥವಾಗಬಾರದೇ?

ಅಧ್ಯಕ್ಷರು ಕೈ ಎತ್ತಿಸಿದರು. ಖಜಾಂಚಿಯ ಕಡೆಗೆ ಖಜಾಂಚಿಯೇ, ಕಾರ್ಯದರ್ಶಿ, ಇಂಜಿನಿಯರ್ ಹುಡುಗ. ನನ್ನ ಕಡೆಗೆ ನಾನು ಒಬ್ಬಳೇ ಎಂದುಕೊಂಡಿದ್ದೆ. ಆದರೆ ಬಿಡಿಭಾಗದ ಅಂಗಡಿಯ ಅಣ್ಣತಮ್ಮಂದಿರಿಬ್ಬರೂ ಕೈ ಎತ್ತಿದರು. ಅವರಿಗೆ ಬಾಸ್ಕೆಟ್‌ಬಾಲ್ ಅಷ್ಟಕ್ಕಷ್ಟೇ, ಫುಟ್ಬಾಲಿನವರು.

“ಬ್ಯಾಕ್ ಇಲ್ಲದೆ ಟೀಮ್ ಉಂಟಾ?” ಎಂದ ಅಣ್ಣ. “ಅಕ್ಕ ಹೇಳುದು ಸರಿ ಉಂಟು. ಗೋಲ್ ಬೀಳದ ಹಾಗೆ ನೋಡುವವ ಒಬ್ಬ ಬೇಕು ಅಲ್ಲ ಮಾರ್ರೆ.”

ಈ ಕಡೆ ಮೂರು, ಆ ಕಡೆ ಮೂರು. ಅಧ್ಯಕ್ಷರು ಕೈ ಎತ್ತುವ ಹಾಗಿಲ್ಲ. ಉಳಿದವನು ನನ್ನ ಗಂಡ. ನನಗೆ ನಗು ಬಂತು. ಗೆದ್ದೆ ಎಂದುಕೊಂಡು ಗ್ಲಾಸಿನ ಚಹಾ ಮುಗಿಸಿದೆ. ಹೆಂಡತಿ ಕೇಳಿದ್ದಾಳೆ ಎಂದಲ್ಲ. ಅವನು ತನ್ನ ಆಟಕ್ಕೇ ಕೈ ಎತ್ತಬೇಕಿತ್ತು, ಅಷ್ಟೇ. ತನ್ನ ಮಂಡಿಗೆ, ತನ್ನ ಹತ್ತು ವರ್ಷಕ್ಕೆ.

“ನೀವು ಎಂತ ಹೇಳ್ತ್ರಿ?” ಎಂದು ಅಧ್ಯಕ್ಷರು ಅವನನ್ನು ಕೇಳಿದರು.

ಅವನು ಖಜಾಂಚಿಯ ಮುಖ ನೋಡಿದ. ಆಮೇಲೆ, “ಸ್ಕೋರರ್ ಇರಲಿ,” ಎಂದು ಖಜಾಂಚಿಯವರ ಕಡೆಗೆ ಕೈ ಎತ್ತಿದ.

ಅಧ್ಯಕ್ಷರು ನನ್ನ ಮುಖ ಕಂಡು ಗಾಬರಿಯಾಗಿರಬೇಕು. ಸಮಿತಿಯಲ್ಲಿ ಜಾಗ ಸಿಗದ ಹಿರಿಯರಿಗೆ ಅವರು ಕೊಡುತ್ತಿದ್ದ ಒಂದು ಪದವಿ ಇತ್ತು, ಅದನ್ನೇ ತೆಗೆದು ಮುಂದಿಟ್ಟರು. “ಹಾಂಗಾರೆ ಇವರ ಆಳನ್ನ ಗೌರವ ಸಲಹೆಗಾರ ಮಾಡ್ವ. ಕೆಳಗೆ ಬದಿಯಗೆ ಒಂದ್ ಸಣ್ಣ ಫೋಟೋ. ಆಯ್ತಲ್ದಾ?” ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೂ ಬದುಕಿರುವ, ನಮ್ಮ ಸಂಘದ ಹೆಸರನ್ನೇ ಕೇಳಿರದ ಒಬ್ಬ ಅಮೆರಿಕದವನು ನಜ್ಮಾದ ಕೆಫೆಟೇರಿಯಾದ ಮಹಡಿಯಲ್ಲಿ ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ತಂಡದ ಗೌರವ ಸಲಹೆಗಾರನಾದ.

“ನೀವು ಚಹಾ ಕುಡಿದಾಯ್ತಾ? ಹೋಗುವನಾ?” ಎಂದೆ ಗಂಡನಿಗೆ. ಆ ನೀವು ಕೇಳಿ ಅವನು ಕೂಡಲೇ ಎದ್ದ.

ಕಾರಿನಲ್ಲಿ ಮೊದಲ ರೌಂಡ್‌ಅಬೌಟ್ ದಾಟಿದೆವು. ಎರಡನೆಯದರಲ್ಲಿ ಗಾಡಿಗಳು ಸಿಕ್ಕಿಕೊಂಡು ನಿಂತಿದ್ದವು, ಆಗ ಶುರು ಮಾಡಿದೆ. ಕೊಂಕಣಿಯಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗುತ್ತದೆ.

“ನಿನಗೆ ಮಂಡಿ ಮಾತ್ರ ಹೋದದ್ದಾ, ತಲೆಯೂ ಹೋಯಿತಾ?”

“ಪಾಪ, ಆ ಮನುಷ್ಯ ಸಂಜೆಯೆಲ್ಲ ಸೋಲ್ತಾ ಇದ್ದ,” ಎಂದ ಅವನು. “ಇದೊಂದಾದರೂ ಸಿಗಲಿ ಅಂತ. ಫ್ಲೆಕ್ಸ್ ಅಷ್ಟೇ ಅಲ್ವಾ.”

“ಅವನು ಸೋತರೆ ನಿನಗೇನು?”

“ಅವನೂ ನಮ್ಮ ಟೀಮಿನವನೇ ಅಲ್ವಾ.”

ಬಾಸ್ಕೆಟ್‌ಬಾಲಿನಲ್ಲಿ ಇದಕ್ಕೆ ಹೆಲ್ಪ್ ಎನ್ನುತ್ತಾರೆ. ನಿಮ್ಮ ಜೊತೆಯ ಆಟಗಾರ ತಾನು ಕಾಯಬೇಕಾದವನನ್ನು ಬಿಟ್ಟುಬಿಟ್ಟರೆ, ನೀವು ಓಡಿಹೋಗಿ ಆ ತೂತು ಮುಚ್ಚಬೇಕು. ನನ್ನ ಗಂಡ ಅದರಲ್ಲಿ ಎತ್ತಿದ ಕೈ. ನಮ್ಮ ಇಂಜಿನಿಯರ್ ಹುಡುಗ ಎಷ್ಟು ಸಲ ತನ್ನ ಎದುರಾಳಿಯನ್ನು ಬಿಟ್ಟುಕೊಟ್ಟಿದ್ದಾನೋ, ಅಷ್ಟೂ ಸಲ ಇವನು ಅಡ್ಡ ಓಡಿ ನಿಂತಿದ್ದಾನೆ. ಫೌಲು ಬಿದ್ದರೆ ಇವನ ಲೆಕ್ಕಕ್ಕೆ. ಆ ಬುದ್ಧಿ ಕೋರ್ಟಿನಲ್ಲಿ ಮಾತ್ರ ಇದ್ದಿದ್ದರೆ ನನಗೆ ತೊಂದರೆ ಇರಲಿಲ್ಲ. ಆಫೀಸಿನಲ್ಲೂ ಹಾಗೇ, ಊರಿನ ಮನೆಯ ವಿಷಯದಲ್ಲೂ ಹಾಗೇ, ಈಗ ಸಮಿತಿಯಲ್ಲೂ.

“ನೀನು ಎಲ್ಲರಿಗೂ ಹೆಲ್ಪಿಗೆ ಹೋಗು,” ಎಂದೆ. “ನಿನ್ನ ಜಾಗದಲ್ಲಿ ಯಾರು ನಿಲ್ಲುವುದು?”

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಇವನು ಗೇರ್ ಹಾಕಿ ಮುಂದೆ ಹೋದ.

ಫ್ಲೆಕ್ಸ್ ಅಂಗಡಿಗೆ ನಾನೇ ಹೋಗಬೇಕಾಯಿತು. ಡಿಸೈನ್ ಮಾಡುವವನು ಮಲಯಾಳಿ, ಕನ್ನಡ ಅಕ್ಷರ ತಪ್ಪಾಗಬಾರದು, ನೋಡಿಕೊಳ್ಳಲು ಯಾರಾದರೂ ಬೇಕು. ಹನ್ನೆರಡು ಜನ ಕಂಪ್ಯೂಟರ್ ಪರದೆಯ ಮೇಲೆ ಹಾರುತ್ತಿದ್ದರು. ಖಜಾಂಚಿಯ ಸ್ಕೋರರ್‌ನ ಫೋಟೋವನ್ನು ದೊಡ್ಡದು ಮಾಡಿದಾಗ ಅಂಚಿನಲ್ಲಿ ಒಂದು ತೋಳು ಕಂಡಿತು. ಮೊಣಕೈಗೆ ಪಟ್ಟಿ ಕಟ್ಟಿದ, ನೇರವಾಗಿ ಚಾಚಿದ ತೋಳು. ನನಗೆ ಅದು ಯಾರದೆಂದು ಕೂಡಲೇ ಗೊತ್ತಾಯಿತು.

“ಚೇಚಿ, ಯೇ ಹಾಥ್ ಡಿಸ್ಟರ್ಬೆನ್ಸ್ ಹೈ,” ಎಂದು ಆ ಹುಡುಗ ಮೌಸ್ ಎಳೆದು ಅದನ್ನು ಕತ್ತರಿಸಿಬಿಟ್ಟ. ವಾಪಸ್ ಇಡು ಎಂದೆ. ಹನ್ನೆರಡು ಜನರ ಫ್ಲೆಕ್ಸಿನಲ್ಲಿ ಯಾರದೋ ಒಂದು ಕೈ ಯಾಕೆ ಎಂದು ಅವನು ಕೇಳಿದ. ನನಗೆ ಹಿಂದಿ ಅಷ್ಟು ಬರುವುದಿಲ್ಲ, ಉಪ್ಪಿನ ಡಬ್ಬಿಯೂ ಅಲ್ಲಿರಲಿಲ್ಲ. ಬಿಟ್ಟುಬಿಟ್ಟೆ. ಕೆಳಗೆ ಪ್ರಾಯೋಜಕರ ಸಾಲಿನ ಪಕ್ಕದಲ್ಲಿ, ಪಾಸ್‌ಪೋರ್ಟ್ ಫೋಟೋದಷ್ಟು ಜಾಗದಲ್ಲಿ ಗೌರವ ಸಲಹೆಗಾರರು ಎಂದು ಬರೆಸಿ, ಕಾಗುಣಿತ ನೋಡಿ, ಸರಿ ಇದೆ ಎಂದು ಹೇಳಿ ಬಂದೆ.

ಫೈನಲ್ ನಡೆದದ್ದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಎದುರಾಳಿಗಳು ಒಂದು ಹೋಟೆಲಿನಲ್ಲಿ ಕೆಲಸ ಮಾಡುವ ಫಿಲಿಪ್ಪೀನ್ಸ್ ಹುಡುಗರು. ಅವರಲ್ಲಿ ಒಬ್ಬ ಅಡುಗೆಯವನಿದ್ದ, ಗಿಡ್ಡ, ಮಿಂಚಿನಂತೆ ಓಡುವವನು. ಸೆಮಿಫೈನಲ್‌ನಲ್ಲಿ ಅವನ ಪಾಯಿಂಟು ಬರೆದು ಬರೆದು ನನ್ನ ಕೈ ನೋಯುತ್ತಿತ್ತು. ನನ್ನ ಗಂಡ ಅವನಿಗಿಂತ ಒಂದು ಅಡಿ ಎತ್ತರ, ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವನು, ಮಂಡಿಗೆ ದಪ್ಪ ಪಟ್ಟಿ. ಅವನನ್ನೇ ಈ ಹುಡುಗನ ಮೇಲೆ ಬಿಟ್ಟರು. ಪ್ರೇಕ್ಷಕರಲ್ಲಿ ಯಾರೋ ಪಾಪ ಎಂದದ್ದು ನನಗೆ ಕೇಳಿಸಿತು.

ಓಟದಲ್ಲಿ ಅವನನ್ನು ಹಿಡಿಯುವುದು ಇವನಿಂದ ಸಾಧ್ಯವೇ ಇರಲಿಲ್ಲ. ಹಾಗಾಗಿ ಓಡಲೇ ಇಲ್ಲ. ಹುಡುಗ ಎಲ್ಲಿಗೆ ಹೋಗಬೇಕೆಂದಿದ್ದನೋ ಅಲ್ಲಿಗೆ ಮೊದಲೇ ನಡೆದುಹೋಗಿ ನಿಂತಿರುತ್ತಿದ್ದ. ಚೆಂಡು ಬರುವ ದಾರಿಯಲ್ಲಿ ಒಂದು ಕೈ, ಹುಡುಗನ ಸೊಂಟದ ಹತ್ತಿರ ಇನ್ನೊಂದು. ಬಾಯಿ ಮುಚ್ಚುತ್ತಲೇ ಇರಲಿಲ್ಲ. ಎಡಕ್ಕೆ ನೋಡು, ಹಿಂದೆ ಬಾ, ನಿಲ್ಲು ಎಂದು ನಮ್ಮ ನಾಲ್ಕೂ ಜನರಿಗೆ ತುಳುವಿನಲ್ಲಿ ಹೇಳುತ್ತಲೇ ಇದ್ದ. ಹುಡುಗನಿಗೆ ಚೆಂಡು ಸಿಕ್ಕಿದರೂ ಎಡಗೈಗೆ ಸಿಗುತ್ತಿತ್ತು, ಅವನ ಎಡಗೈ ಕೆಲಸಕ್ಕೆ ಬಾರದ್ದು. ಮಧ್ಯಂತರದ ಹೊತ್ತಿಗೆ ಹುಡುಗ ತನ್ನ ತಂಡದವರ ಮೇಲೆ ಕೂಗಾಡಲು ಶುರು ಮಾಡಿದ್ದ. ಎರಡನೆಯ ಅರ್ಧದಲ್ಲಿ ಎಸೆಯಬಾರದ ಜಾಗದಿಂದ ಎಸೆಯತೊಡಗಿದ. ಮೇಜಿನ ಮುಂದೆ ಕೂತ ನನ್ನ ಪೆನ್ನಿಗೆ ಅವನ ಹೆಸರಿನ ಮುಂದೆ ಕೆಲಸವೇ ಇರಲಿಲ್ಲ. ನನ್ನ ಗಂಡನ ಹೆಸರಿನ ಮುಂದೆಯೂ ಇರಲಿಲ್ಲ. ಆ ಎರಡು ಖಾಲಿ ಜಾಗಗಳು ಒಂದಕ್ಕೊಂದು ಸಂಬಂಧಪಟ್ಟವು ಎಂದು ಬರೆಯಲು ಆ ಹಾಳೆಯಲ್ಲಿ ಎಲ್ಲಿಯೂ ಅವಕಾಶವಿಲ್ಲ. ನನಗೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು, ಅವನ ಮಂಡಿ ನೋಡಿ ಹೆದರಿಕೆಯೂ ಆಗುತ್ತಿತ್ತು.

ನಾವು ಗೆದ್ದೆವು, ಅಲ್ಪ ಅಂತರದಲ್ಲಿ. ನಮ್ಮ ಇಂಜಿನಿಯರ್ ಹುಡುಗ ಚೆನ್ನಾಗಿ ಹೊಡೆದಿದ್ದ, ಅದನ್ನು ಇಲ್ಲ ಎನ್ನುವುದಿಲ್ಲ. ಶ್ರೇಷ್ಠ ಆಟಗಾರ ಪ್ರಶಸ್ತಿಗೆ ಅವನನ್ನು ಕರೆದರು. ಶಾಲು, ಹಾರ, ಸ್ಮರಣಿಕೆ, ಮುಖ್ಯ ಅತಿಥಿಗಳ ಜೊತೆ ಫೋಟೋ. ಅವನ ಹಿಂದೆ ಹನ್ನೆರಡು ಜನ ಹಾರುತ್ತಿದ್ದರು. ಗೌರವ ಸಲಹೆಗಾರರ ಮುಖಕ್ಕೆ ಯಾರೋ ಒಂದು ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟಿದ್ದರು. ಫೋಟೋ ತೆಗೆಯುವಾಗ ಖಜಾಂಚಿಯವರು ನನ್ನ ಕಡೆ ನೋಡಿ, “ಕಂಡಿರಾ ಮೇಡಂ, ಪಾಯಿಂಟ್ ಹಾಕಿದವ ಗೆಲ್ಸಿದ ಅಲ್ಲ,” ಎಂದರು. ನಾನು ಹಾಳೆಗಳನ್ನು ಜೋಡಿಸಿ ಪಿನ್ ಹೊಡೆದೆ. ಪಿನ್ನು ಬೆರಳಿಗೂ ತಾಗಿತು.

ನನ್ನ ಗಂಡ ಕೋರ್ಟಿನ ಆಚೆ ಬದಿಯ ಮೆಟ್ಟಿಲ ಮೇಲೆ ಕೂತು ಮಂಡಿಗೆ ಐಸ್ ಒತ್ತಿಕೊಂಡಿದ್ದ. ರನ್ನರ್ಸ್ ಅಪ್ ತಂಡವನ್ನು ಕರೆದಾಗ ಅಡುಗೆಯ ಹುಡುಗನೂ ವೇದಿಕೆಗೆ ಬಂದು ಪದಕ ಹಾಕಿಸಿಕೊಂಡ. ಇಳಿದವನು ಶಾಲು ಹೊದ್ದ ಇಂಜಿನಿಯರ್‌ನ ಕೈ ಕುಲುಕಲು ನಿಲ್ಲಲಿಲ್ಲ, ಅವನನ್ನು ದಾಟಿ ನೇರ ಮೆಟ್ಟಿಲ ಕಡೆಗೆ ನಡೆದ. ನಾನು ನೀರಿನ ಬಾಟಲಿ ಕೊಡಲು ಅಲ್ಲೇ ಹೋಗಿ ನಿಂತಿದ್ದೆ.

“ಬ್ರದರ್,” ಎಂದ ಹುಡುಗ, ತುಂಬ ಗಂಭೀರವಾಗಿ. “ನೆಕ್ಸ್ಟ್ ಇಯರ್, ಯು ಪ್ಲೇ?”

ನನ್ನ ಗಂಡ ಮಂಡಿ ತೋರಿಸಿ, “ನೋ ನೋ. ಖಲಾಸ್,” ಎಂದ.

ಹುಡುಗ ಕಣ್ಣು ಮುಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆಕಾಶದ ಕಡೆ ಎರಡೂ ಕೈ ಎತ್ತಿ, “ಥ್ಯಾಂಕ್ ಗಾಡ್!” ಎಂದ. ಆಮೇಲೆ ಬಗ್ಗಿ ಇವನನ್ನು ಬಿಗಿಯಾಗಿ ಅಪ್ಪಿಕೊಂಡು, ಬೆನ್ನಿಗೆ ಎರಡು ಏಟು ಹಾಕಿ ಹೊರಟುಹೋದ. ಸುತ್ತ ಇದ್ದವರೆಲ್ಲ ನಕ್ಕರು. ಗಂಡನೂ ನಕ್ಕ. ನನಗೆ ನಗು ಬರಲಿಲ್ಲ. ನಾವು ಪಾಯಿಂಟು ನೋಡಿದೆವು, ಫೋಟೋ ನೋಡಿದೆವು, ಸೀಟು ಹಂಚಿದೆವು. ಈ ಹುಡುಗನಂಥ ಒಬ್ಬನನ್ನು ಕರೆದು ಯಾರೂ ಕೇಳಿರಲಿಲ್ಲ. ತಡೆಯುವವನು ಎಷ್ಟು ದೊಡ್ಡವನೆಂದು ಅವನ ಕೈಗೆ ಸಿಕ್ಕಿಬಿದ್ದವನಿಗೆ ಮಾತ್ರ ಗೊತ್ತು.

ವಾಪಸು ಬರುವಾಗ ಕಾರು ನಾನು ಓಡಿಸಿದೆ. ಅವನು ಮಂಡಿ ನೀವಿಕೊಳ್ಳುತ್ತಾ ಕೂತಿದ್ದ. ಆ ಹುಡುಗ ಹೇಳಿದ್ದು ಕೇಳಿಸಿತಲ್ಲ ಎಂದೆ. “ತಮಾಷೆಗೆ ಹೇಳಿದ್ದು,” ಎಂದ. ಅಷ್ಟೇ. ಶಾಲು ಬೇಡ, ಫ್ಲೆಕ್ಸು ಬೇಡ, ಹೊಗಳಿಕೆ ಬೇಡ, ಏನೂ ಬೇಡದ ಮನುಷ್ಯನಿಗಾಗಿ ನಾನೊಬ್ಬಳೇ ಊರೆಲ್ಲ ಜಗಳ ಮಾಡಿಕೊಂಡು ತಿರುಗುತ್ತಿದ್ದೇನಲ್ಲ ಎಂದು ನನ್ನ ಮೇಲೇ ಬೇಸರವಾಯಿತು.

ಮರುದಿನ ಶನಿವಾರ, ಇಬ್ಬರಿಗೂ ರಜೆ. ನಾನು ಬಾಲ್ಕನಿಯಲ್ಲಿ ಅವನ ಜೆರ್ಸಿ ಒಣಹಾಕುತ್ತಿದ್ದೆ. ಒಳಗೆ ಅವನು ಮಂಗಳೂರಿನ ಅಣ್ಣನಿಗೆ ಫೋನ್ ಮಾಡುತ್ತಿದ್ದ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸುತ್ತಿತ್ತು. ಊರಿನ ಮನೆಯ ವಿಷಯವಿಲ್ಲ, ಅಮ್ಮನ ಆರೋಗ್ಯದ ವಿಷಯವಿಲ್ಲ.

“ಇಲ್ಲ ಮಾರಾಯ, ಕೇಳು, ಕೇಳು. ನೆಕ್ಸ್ಟ್ ಇಯರ್ ಆಡ್ತೀಯಾ ಅಂತ ಕೇಳಿದ. ಇಲ್ಲ ಅಂದೆ. ಅವ ಎರಡೂ ಕೈ ಮೇಲೆತ್ತಿ ಥ್ಯಾಂಕ್ ಗಾಡ್ ಅಂದ! ಶಿಲುಬೆ ಗುರುತು ಹಾಕಿದ ಮಾರಾಯ! ಹೌದು, ಎಲ್ಲರ ಎದುರೇ!”

ಆಚೆಯಿಂದ ಅಣ್ಣ ಏನೋ ಕೇಳಿರಬೇಕು. ಇವನು ಮತ್ತೆ ಮೊದಲಿನಿಂದ ಹೇಳಿದ, ಈ ಸಲ ಹುಡುಗನ ಧ್ವನಿಯನ್ನೂ ಮಾಡಿ. ನಾವು ಟೂರ್ನಮೆಂಟು ಗೆದ್ದೆವೆಂಬುದನ್ನು ಇನ್ನೂ ಹೇಳಿಯೇ ಇರಲಿಲ್ಲ. ಅವನ ಧ್ವನಿಯಲ್ಲಿ ಅಷ್ಟು ಸಂತೋಷವನ್ನು ನಾನು ಯಾವಾಗ ಕೇಳಿದ್ದೆ ಎಂದು ನೆನಪಿಗೆ ಬರಲಿಲ್ಲ.

ಹಾಗಾದರೆ ಬೇಕಿತ್ತು ಅವನಿಗೆ. ಅಷ್ಟೂ ವರ್ಷ ಬೇಕಿತ್ತು.

ಕೈಯಲ್ಲಿ ಒದ್ದೆ ಜೆರ್ಸಿ ಹಿಡಿದುಕೊಂಡೇ ಒಳಗೆ ಹೋದೆ. “ಇಷ್ಟು ಆಸೆ ಇದ್ದರೆ ಆ ದಿನ ಮೀಟಿಂಗಿನಲ್ಲಿ ಖಜಾಂಚಿಯ ಕಡೆಗೆ ಯಾಕೆ ಕೈ ಎತ್ತಿದೆ?” ಎಂದು ಕೇಳಿದೆ. ನೀರು ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

ಅವನು ಫೋನಿನ ಬಾಯಿಗೆ ಅಂಗೈ ಮುಚ್ಚಿ ನನ್ನನ್ನು ನೋಡಿದ. ಇಷ್ಟು ಸುಲಭದ ವಿಷಯ ಇವಳಿಗೆ ಯಾಕೆ ಗೊತ್ತಾಗುವುದಿಲ್ಲ ಎಂಬಂಥ ಮುಖ.

“ನೀನು ಎತ್ತಿದ್ದೆಯಲ್ಲ,” ಎಂದ. “ನನಗೆ ಅಷ್ಟು ಸಾಕಿತ್ತು.”

ಹೇಳಿ ಮತ್ತೆ ಅಣ್ಣನ ಜೊತೆ ಮಾತಿಗೆ ತೊಡಗಿದ. ಅವನಿಗೆ ಸಾಕಿತ್ತಂತೆ. ನನಗೆ ಸಾಕಾಗಿರಲಿಲ್ಲ, ಇವತ್ತಿಗೂ ಸಾಕಾಗಿಲ್ಲ.